ಮುಖವಿಲ್ಲದ ನನ್ನ ಚಿತ್ರ

“ಇದಕ್ಕ ಮಾರೀನ ಇಲ್ಲಲ್ರಿ!” ಎಂದು ಅತ್ತೆ ನಕ್ಕರು. ಮಹಾಯುದ್ಧ ನಡೆದಿದ್ದ ಕಾಲ. ಮುಂಬಯಿಯಿಂದ ಧುಪದಾಳಕ್ಕೆ ಬಂದಿದ್ದ ತರುಣ ಚಿತ್ರಕಾರರೊಬ್ಬರು ಅತ್ತೆಯ ಒಪ್ಪಿಗೆ ಕೇಳಿ, ಹೊಳೆದಂಡೆಯಲ್ಲಿ ಕೊಡ ತುಂಬಿಟ್ಟು ನಿಂತಿದ್ದ ನನ್ನ ಚಿತ್ರ ಬರೆದಿದ್ದರು. ನಾಲ್ಕಾರು ಪೆನ್ಸಿಲ್ ಗೆರೆ, ಸೀರೆಗೆ ತೆಳುವಾದ ಕೆಂಪು ನೀರುಬಣ್ಣ, ಅಷ್ಟೇ; ಮುಖ ಬರೆದಿರಲಿಲ್ಲ.

ಅತ್ತೆ ಮತ್ತೊಮ್ಮೆ ನೋಡಿದರು. ನಗು ನಿಂತಿತು. ಚಿತ್ರದಲ್ಲಿ ನನ್ನ ಕೈ ಹೊಟ್ಟೆಯ ಮೇಲಿತ್ತು. ಹಾಗೆ ನಿಂತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

“ಎಷ್ಟ ತಿಂಗಳವಾ?” ಎಂದು ಮೆಲ್ಲಗೆ ಕೇಳಿದರು.

ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಆ ಹೆದರಿಕೆಗೆ ಈ ಸಲ ಗಂಡನಿಗೂ ಹೇಳಿರಲಿಲ್ಲ. “ಮೂರು” ಎನ್ನುತ್ತಲೇ ಅತ್ತುಬಿಟ್ಟೆ. ಅತ್ತೆ ನನ್ನ ತುಂಬಿದ ಕೊಡವನ್ನು ತಮ್ಮ ಸೊಂಟಕ್ಕೇರಿಸಿಕೊಂಡರು.

ಆ ಚಿತ್ರ ಚಿತ್ರಕಾರರ ಜೊತೆಗೇ ಹೋಯಿತು. ಸುಗ್ಗಿಯ ಹೊತ್ತಿಗೆ ಗಟ್ಟಿಮುಟ್ಟಾದ ಮಗಳು ಹುಟ್ಟಿದಳು. ಅತ್ತೆಯನ್ನು ಮಾತ್ರ ನಾನು ಆ ದಿನದಿಂದಲೇ ‘ಅವ್ವಾ’ ಎಂದು ಕರೆಯತೊಡಗಿದ್ದೆ.