ಮೂರನೆಯ ಭೇಟಿ ಬಾಕಿ

ನಮ್ಮ ದೇಶದ ಕೈಗಾರಿಕಾ ಬೆಳವಣಿಗೆಯನ್ನು ಕುಳಿತಲ್ಲಿಂದಲೇ ಅಳೆದವರು ಬಹಳ ಮಂದಿ. ಶೆಡ್ಡುಗಳ ಬಾಗಿಲು ತಟ್ಟಿ, ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಕುಳಿತು ಅಳೆದವರು ಕೆಲವೇ ಮಂದಿ. ಆ ಕೆಲವರಲ್ಲಿ ಪ್ರೊ. ಅನಂತರಾಜು ಅವರ ಸ್ಥಾನ ಯಾವುದೆಂದು ಕೇಳಿದರೆ, ದ್ವಿಚಕ್ರ ವಾಹನದ ಹಿಂದಿನ ಸೀಟು ಎಂದು ಅವರ ಶಿಷ್ಯರೆಲ್ಲರೂ ಹೇಳುತ್ತಾರೆ. ಸೋಲದೇವನಹಳ್ಳಿಯ ನಮ್ಮ ಕಾಲೇಜಿಗೆ ಅರ್ಥಶಾಸ್ತ್ರದ ಅಧ್ಯಾಪಕರಾಗಿ ಬಂದ ದಿನದಿಂದ ಈ ತಿಂಗಳ ನಿವೃತ್ತಿಯವರೆಗೆ ಯಾವ ವಾಹನವನ್ನೂ ನಡೆಸಲು ಕಲಿಯದ ಅವರು, ವಿದ್ಯಾರ್ಥಿಗಳ ಬೆನ್ನ ಹಿಂದೆ ಕುಳಿತು, ತಲೆಗಿಂತ ಎರಡು ಸೈಜು ದೊಡ್ಡದಾದ ಹೆಲ್ಮೆಟ್ ಧರಿಸಿ, ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಯಲಹಂಕದಿಂದ ಬಾಗಲೂರಿನವರೆಗಿನ ತೊಂಬತ್ತಾರು ಸಣ್ಣ ಕೈಗಾರಿಕೆಗಳನ್ನು ಸುಮಾರು ಮೂವತ್ತು ವರ್ಷ, ಪ್ರತಿ ಜನವರಿಯಲ್ಲೂ ತಪ್ಪದೆ ಸಮೀಕ್ಷೆ ಮಾಡಿದರು. "ಸ್ವಲ್ಪ ನಿಧಾನ ಹೋಗಮ್ಮ, ಎಡಗಡೆ ಒಂದು ಫೌಂಡ್ರಿ ಹಿಂದೆ ಉಳೀತು" ಎಂಬ ಮಾತನ್ನು ಕಿವಿಯ ಹಿಂದೆ ಕೇಳದೆ ನಮ್ಮ ವಿಭಾಗದಿಂದ ಎಂ.ಎ. ಮುಗಿಸಿದವರಿಲ್ಲ.

ಅವರ ರಿಜಿಸ್ಟರಿನಲ್ಲಿ ಪ್ರತಿ ಘಟಕಕ್ಕೂ ಒಂದು ಅಂಕೆ. ನಡೆಯುತ್ತಿದ್ದರೆ ಒಂದು, ತಾತ್ಕಾಲಿಕವಾಗಿ ನಿಂತಿದ್ದರೆ ಎರಡು, ಮುಚ್ಚಿದ್ದರೆ ಮೂರು. ಮೂರು ಬಿದ್ದ ಘಟಕವನ್ನು ಮುಂದಿನ ವರ್ಷದಿಂದ ಪಟ್ಟಿಯಿಂದ ಕೈಬಿಡಲಾಗುತ್ತದೆ. ಬೇರೆ ದೇಶಗಳು ಹೊಲದಿಂದ ಕಾರ್ಖಾನೆಗೆ ಹೋಗಿ, ಅಲ್ಲಿ ಒಂದು ತಲೆಮಾರಾದರೂ ದುಡಿದು ಮುಂದೆ ಹೋದವು. ನಾವು ದ್ರಾಕ್ಷಿತೋಟದಿಂದ ಕಬ್ಬಿಣ ಕಡೆಯುವ ಲೇತಿಗೆ ಬಂದು, ಲೇತು ಬಿಸಿಯಾಗುವ ಮೊದಲೇ ಬಾಡಿಗೆ ಎಣಿಸುವುದಕ್ಕೆ ಹಾರಿದ್ದೇವೆ ಎನ್ನುವುದು ಅವರ ವಾದ. ಈ ವಾದಕ್ಕೆ ಆಧಾರ ಆ ಮೂರುಗಳು. ಆದರೂ ಮೂರು ಬರೆಯುವಾಗ ಅವರ ಪೆನ್ನು ನಿಧಾನವಾಗುತ್ತಿತ್ತು.

ಮೊದಲು ಹಾಗಿರಲಿಲ್ಲ. ಪೆನ್ನು ನಿಧಾನವಾದದ್ದಕ್ಕೆ ಕಾರಣ ನಾನು.

ಎರಡು ಸಾವಿರದ ಹದಿನಾಲ್ಕರಲ್ಲಿ ನಾನು ಎಂ.ಎ. ವಿದ್ಯಾರ್ಥಿನಿ. ಸಹಪಾಠಿ ಧನಲಕ್ಷ್ಮಿ ಬಾಗಲೂರು ಸುತ್ತಿ ತಂದ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸವಾಗಿತ್ತು. ಇಪ್ಪತ್ಮೂರು ಹಾಳೆಗಳಲ್ಲಿ, ಷರಾ ಎಂಬ ಜಾಗದಲ್ಲಿ, ಅವಳು 'ಬೀಗ.' ಎಂದು ಬರೆದಿದ್ದಳು. ನಾನು ಇಪ್ಪತ್ಮೂರು ಸಲ ಮೂರು ಒತ್ತಿದೆ. ಮಾರ್ಚಿನಲ್ಲಿ ವಿಚಾರಸಂಕಿರಣ ನಡೆಯಿತು. ಸರ್ 'ನಗರದಂಚಿನ ಕೈಗಾರಿಕೆಗಳ ಕುಸಿತ' ಎಂಬ ಪ್ರಬಂಧ ಮಂಡಿಸಿದರು. ಪರದೆಯ ಮೇಲೆ ಒಂದು ಕೆಂಪು ಗೆರೆ ಬಾವಿಗೆ ಬಿಟ್ಟ ಕೊಡದಂತೆ ಕೆಳಗಿಳಿಯಿತು. ಆ ಶೆಡ್ಡುಗಳೆಲ್ಲ ಇರುವ ಜಮೀನಿನ ಒಡೆಯರಾದ ಬಾಗಲೂರಿನ ಮುನಿಆಂಜಿನಪ್ಪನವರು ಗೌರವ ಅತಿಥಿಗಳಾಗಿ ಮುಂದಿನ ಸಾಲಿನಲ್ಲಿದ್ದರು. ಅವರು ಎದ್ದು ನಿಂತರು.

"ಸ್ವಾಮಿ, ಆ ಗೆರೆ ಯಾಕೆ ಇಂಗೆ ಬಿದ್ದದೆ?"

"ಬಾಗಲೂರಲ್ಲಿ ಒಂದೇ ವರ್ಷಕ್ಕೆ ಇಪ್ಪತ್ಮೂರು ಘಟಕ ಮುಚ್ಚಿವೆ ಸಾರ್."

"ಯಾವತ್ತು ನೋಡುದ್ರಿ?"

ಸರ್ ಕಾಗದ ನೋಡಿದರು. "ಜನವರಿ ಇಪ್ಪತ್ತೊಂಬತ್ತು."

"ಅವತ್ತು ನಮ್ ದೊಡ್ ಮಗಂದು ಬೀಗ್ರೂಟ ಸ್ವಾಮಿ! ಇಪ್ಪತ್ಮೂರು ಶೆಡ್ನೋರೂ ನಮ್ ಪಂಕ್ತೀಲಿ ಕುಂತು ಮುದ್ದೆ ಮುರೀತಿದ್ರು. ನಿಮ್ ಉಡ್ಗೀಗೂ ಊಟ ಮಾಡ್ಕೊಂಡು ಓಗವ್ವ ಅಂದೆ. ಬರ್ಕೊಂಡ್ ಹೋಗ್ಬೇಕು ಅಂದ್ಲು. ಇದಾ ಬರ್ಕೊಂಡಿದ್ದು?"

ಮದುವೆ ಮುಗಿದ ಮೇಲೆ ಬೀಗರಿಗೆ ಹಾಕುವ ಬಾಡೂಟಕ್ಕೆ ಊರಿಗೆ ಊರೇ ಹೋಗುವುದು ಧನಲಕ್ಷ್ಮಿಗೆ ಗೊತ್ತಿತ್ತು. ಅದನ್ನೇ ಅವಳು ಚುಟುಕಾಗಿ ಬರೆದಿದ್ದಳು. ಊಟವೆಲ್ಲ ಆ ಚುಕ್ಕೆಯೊಳಗಿತ್ತು. ನಾನು ಬಾಗಿಲಿನ ಬೀಗ ಎಂದುಕೊಂಡೆ.

ಸಭೆ ನಗುತ್ತಿತ್ತು. ನಾನು ಹಿಂದಿನ ಬಾಗಿಲು ಹುಡುಕುತ್ತಿದ್ದೆ. ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮೈಕಿನಲ್ಲಿ ಹೇಳಿದರು: "ತಪ್ಪು ನನ್ನದು. ಕೈಗಾರಿಕೆ ಕುಸಿದಿಲ್ಲ. ಊಟಕ್ಕೆ ಹೋಗಿದೆ."

ನನ್ನ ಹೆಸರು ಅಂದು ಹೊರಗೆ ಬರಲಿಲ್ಲ, ಮುಂದೆಯೂ ಬರಲಿಲ್ಲ, ಈ ಲೇಖನದಲ್ಲಿ ಮೊದಲ ಬಾರಿಗೆ ಬರುತ್ತಿದೆ. ಮರುದಿನ ಕರೆದು ಅವರು ಹೇಳಿದ್ದು ಇಷ್ಟೇ: "ಬೀಗ ಎಲ್ಲರಿಗೂ ಕಾಣತ್ತೆ ಆಶಾರಾಣಿ. ಬೀಗದಕೈ ಯಾರ ಹತ್ರ ಇದೆ ಅಂತ ಕೇಳೋದಕ್ಕೆ ನಮ್ಮನ್ನ ಕಳ್ಸೋದು." ಅಂದಿನಿಂದ ರಿಜಿಸ್ಟರಿನ ಮೊದಲ ಪುಟದಲ್ಲಿ ಒಂದು ನಿಯಮ ಬಂತು: ಮೂರು ಸಲ ಹೋಗಿ, ಮೂರು ಸಲವೂ ಬೀಗ ಕಾಣದೆ ಯಾವ ಘಟಕಕ್ಕೂ ಮೂರು ಬರೆಯತಕ್ಕದ್ದಲ್ಲ. ಮುನಿಆಂಜಿನಪ್ಪನವರು ಹಟ ಹಿಡಿದು ಅದರ ಕೆಳಗೆ ಸಾಕ್ಷಿಯಾಗಿ ಸಹಿ ಹಾಕಿದರು. "ನೀವು ಮೂರು ಅನ್ನೋಗಂಟ ನಾನೂ ಯಾವ ಶೆಡ್ಡೂ ಮುಚ್ತು ಅನ್ನಕ್ಕಿಲ್ಲ" ಎಂದು ಮಾತನ್ನೂ ಕೊಟ್ಟರು. ಕೊಟ್ಟದ್ದು ಎಷ್ಟು ದೊಡ್ಡ ಮಾತೆಂದು ಆಗ ಅವರಿಗೆ ತಿಳಿದಿರಲಾರದು.

ಎಂ.ಎ. ಆದ ಮೇಲೆ ನಾಲ್ಕು ವರ್ಷ ನಾನು ಅವರ ಸಮೀಕ್ಷೆಯ ಸಹಾಯಕಿಯಾಗಿದ್ದೆ. ವಿಭಾಗದಲ್ಲಿ ಕಿಟಕಿಯಿದ್ದ ಒಂದೇ ಮೇಜನ್ನು ನನಗೆ ಬಿಟ್ಟುಕೊಟ್ಟು, ತಾವು ಫ್ಯಾನ್ ತಿರುಗದ ಮೂಲೆಗೆ ಹೋದರು; ಕೇಳಿದರೆ ತಮಗೆ ಗಾಳಿ ಆಗದು ಎಂದರು. ಸ್ಕೂಟರಿನ ಹಿಂದೆ ಕುಳಿತಾಗ ಹಾಗೆ ಎಂದೂ ಹೇಳಿದ್ದಿಲ್ಲ.

ಘಟಕ ಅರವತ್ತೊಂದು ಬಾಗಲೂರಿನದು. ಮಾಲೀಕ ಅಶ್ವತ್ಥ್, ಎರಡು ಲೇತು, ಪಂಪಿನೊಳಗಿನ ಬುಷ್ ಬಳೆಗಳ ತಯಾರಿಕೆ, ಕಾರ್ಮಿಕ ಒಬ್ಬರು. ಆ ಕಾರ್ಮಿಕರು ಗುಲಾಮ್ ರಸೂಲ್. ಅಶ್ವತ್ಥರಿಗೆ ಕೆಲಸ ಕಲಿಸಿದವರೂ ಅವರೇ. ನಾಲ್ಕು ಜನವರಿ ನಾನು ಆ ಶೆಡ್ಡಿಗೆ ಹೋದೆ. ನಾಲ್ಕನೆಯ ಸಲ ಪ್ರಶ್ನಾವಳಿ ಮುಗಿದರೂ ಏಳಲಿಲ್ಲ. ಹಿಂದೆ ನಿಂತಿದ್ದ ಸರ್, "ಷರಾ ಏನ್ ಬರ್ಕೊಳ್ಳಲಮ್ಮ?" ಎಂದರು. ನನ್ನ ಮತ್ತು ಅಶ್ವತ್ಥರ ಮದುವೆಯ ಬೀಗರೂಟಕ್ಕೆ ಬಂದು, ಮಾಂಸ ಮುಟ್ಟದ ಅವರು ಅನ್ನ ಮೊಸರು ಉಂಡು, ಶೆಡ್ಡಿನ ಬಾಗಿಲಿಗೆ ಹೋಗಿ ನೋಡಿಕೊಂಡು ಬಂದರು. ಆ ವರ್ಷದ ರಿಜಿಸ್ಟರಿನಲ್ಲಿ ಹೀಗಿದೆ: 'ಘಟಕ ೬೧. ಒಂದು ದಿನ ರಜೆ. ಕಾರಣ: ಸಂತೋಷ.'

ಎರಡು ಸಾವಿರದ ಇಪ್ಪತ್ತೆರಡರ ಜೂನ್‌ನಲ್ಲಿ ಅಶ್ವತ್ಥ್ ತೀರಿಕೊಂಡರು. ಹೃದಯಾಘಾತ. ಮೂವತ್ತಮೂರು ವರ್ಷ.

ಶೆಡ್ಡಿಗೆ ಬೀಗ ಹಾಕಿದೆವು. ಅದರ ಹಿಂಬದಿಯ ಮನೆಯಲ್ಲಿ ನಾನು, ನನ್ನ ಅತ್ತೆ ಅಕ್ಕಯ್ಯಮ್ಮ. ಜನವರಿಯಲ್ಲಿ ಸರ್ ಬಂದರು. ನಾನು ಹೊರಗೆ ಹೋಗಲಿಲ್ಲ. "ಅವ್ಳು ಯಾರ್ ತಾವೂ ಮಾತಾಡಕ್ಕಿಲ್ಲ ಸ್ವಾಮಿ" ಎಂದು ಅತ್ತೆ ಹೇಳಿದರು. "ಪರವಾಗಿಲ್ಲಮ್ಮ, ಇದು ಮೊದಲನೇ ಭೇಟಿ" ಎಂದು ಬರೆದುಕೊಂಡು ಹೋದರು. ಫೆಬ್ರವರಿಯಲ್ಲಿ ಮತ್ತೆ ಬಂದರು. ನಾನೇ ಹೊರಗೆ ಹೋಗಿ ಹೇಳಿದೆ.

"ಸರ್, ಮೂರು ಬರ್ಕೊಳ್ಳಿ."

"ಹಾಗೆಲ್ಲ ಬರೆಯೋಕಾಗಲ್ಲಮ್ಮ. ಇದು ಎರಡನೇದು. ಇನ್ನೊಂದು ಭೇಟಿ ಬಾಕಿ ಇದೆ."

ಆ ಇನ್ನೊಂದು ಭೇಟಿಗೆ ಅವರು ಬರಲೇ ಇಲ್ಲ. ಒಂದು ವರ್ಷ ಬರಲಿಲ್ಲ, ಎರಡು ವರ್ಷ ಬರಲಿಲ್ಲ. ಪಕ್ಕದ ಅರವತ್ತು, ಅರವತ್ತೆರಡಕ್ಕೆ ಬಂದು ಹೋಗುತ್ತಿದ್ದರು. ಈ ನಡುವೆ ಒಂದು ಕೊರಿಯರ್ ಕಂಪನಿಯವರು ಗೋದಾಮಿಗೆ ಜಾಗ ಕೇಳಿದರು. ಮುನಿಆಂಜಿನಪ್ಪನವರು ಸಹಕಾರನಗರದ ಸರ್ ಮನೆಗೇ ಹೋದರಂತೆ. ಅಲ್ಲಿ ನಡೆದ ಮಾತನ್ನು ಅವರೇ ನಮ್ಮ ಜಗಲಿಯಲ್ಲಿ ಕುಳಿತು ಹೇಳಿದರು.

"ಮೇಷ್ಟ್ರೇ, ಒಂದ್ಸಲ ಬಂದು ಮೂರು ಅಂತ ಗೀಚ್ಬಿಡಿ, ಶೆಡ್ ಬಿಡುಸ್ಕೊಂತೀನಿ ಅಂದೆ. ಮೊಳಕಾಲು ನೋವು ಅಂದ್ರು ಕಣವ್ವ. ಯಾವ್ ಮೊಳಕಾಲು ಅಂದೆ. ಯೋಚ್ನೆ ಮಾಡುದ್ರು! ಆಮೇಕೆ ನನ್ ಸಯ್ನೇ ನಂಗೆ ತೋರುಸ್ತಾರೆ!"

ಅವರಿಗೆ ನಿಜವಾಗಿ ಕೋಪ ಬಂದಿತ್ತು. ಆದರೂ ಕೊಟ್ಟ ಮಾತು ಮುರಿಯಲಿಲ್ಲ.

ಈ ಮೂರನೆಯ ಭೇಟಿಯ ಭಯ ನನಗಿಂತ ಅತ್ತೆಗೆ ಹೆಚ್ಚಾಯಿತು. "ಆ ಮೇಷ್ಟ್ರು ಯಾವತ್ತು ಬಂದು ನಿಂತ್ಕತಾರೋ! ಒಳಗೆ ಎಗ್ಗಣ ಅವೆ. ಅಶ್ವತ್ಥನ ಶೆಡ್ ಇಂಗೈತೆ ಅಂತ ಬರ್ಕೊಂಡ್ರೆ ಮಾನ ಓಯ್ತದೆ" ಎಂದು ದಿನವೂ ಹೇಳಿ, ಕಡೆಗೆ ಒಂದು ದಿನ ತಾವೇ ಪೊರಕೆ ಹಿಡಿದು ಹೋದರು. ಬೀಗ ತೆಗೆಯಲು ನಾನು ಹೋಗಬೇಕಾಯಿತು. ಗುಡಿಸಿದ ಮೇಲೆ ಲೇತು ಕಾಣಿಸಿತು. ಲೇತಿನ ತುಕ್ಕು ಕಂಡು ಅತ್ತೆ ಗುಲಾಮ್ ರಸೂಲರಿಗೆ ಹೇಳಿಕಳಿಸಿದರು. ಅವರು ಬಂದು ಎಣ್ಣೆ ಬಿಟ್ಟು ಒರೆಸಿದರು. "ಸುಮ್ನೆ ಒರೆಸಿದ್ರೆ ಆಗಲ್ಲಮ್ಮಾ, ಮಿಷಿನ್ ಓಡ್ಬೇಕು. ಬೀಗದಕೈ ನನ್ನ ಹತ್ರ ಇರ್ಲಿ" ಎಂದರು.

ಕೊಟ್ಟೆ. ಹೋದ ಆಗಸ್ಟಿನಿಂದ ಶೆಡ್ಡಿನಲ್ಲಿ ಒಂದು ಲೇತು ಓಡುತ್ತಿದೆ. ತಯಾರಾದ ಬುಷ್‌ಗಳ ಅಳತೆ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ.

ಈ ಜನವರಿ ಸರ್ ಅವರ ಕೊನೆಯ ಸಮೀಕ್ಷೆ. ಕರೆದುಕೊಂಡು ಬರಲು ನಾನೇ ಸ್ಕೂಟರ್ ತೆಗೆದುಕೊಂಡು ಹೋದೆ. ಶೆಡ್ಡಿನ ಸದ್ದನ್ನು ಅವರಿಗೆ ಕೇಳಿಸಬೇಕೆಂಬ ಆಸೆಯಿತ್ತು. ಬಂದು ಇಳಿದರೆ ಅಕ್ಕಪಕ್ಕದ ಶೆಡ್ಡುಗಳಲ್ಲೂ ಸದ್ದಿರಲಿಲ್ಲ. ಸರ್ ಹೆಲ್ಮೆಟ್ ತೆಗೆದರು. ಅರವತ್ತೊಂದರ ಬಾಗಿಲಿಗೆ ಬೀಗ.

ಮೂರನೆಯ ಭೇಟಿ. ಅವರ ಪೆನ್ನು ಹೊರಗೆ ಬಂದಿತ್ತು.

"ಬೀಗದಕೈ ಯಾರ ಹತ್ರ ಇದೆ?" ಎಂದು ಕೇಳಿದರು.

ಉತ್ತರ ಮನೆಯ ಕಡೆಯಿಂದ ಬಂತು. ಅತ್ತೆ ಹೊಸ ಸೀರೆಯುಟ್ಟು ಓಡಿ ಬರುತ್ತಿದ್ದರು. "ರಸೂಲಣ್ಣ ಇಟ್ಕೊಂಡವ್ರೆ ಸ್ವಾಮಿ! ಮುನಿಆಂಜಿನಪ್ಪನ ಚಿಕ್ ಮಗಂದು ಬೀಗ್ರೂಟ. ಎಲ್ರೂ ಓಗವ್ರೆ. ಬರ್ಕೊಂಬ್ಯಾಡಿ! ಬರ್ಕೊಂಬ್ಯಾಡಿ!"

ಸರ್ ಅವರನ್ನು ಕರೆತರುವ ಸಡಗರದಲ್ಲಿ ನನಗದು ಮರೆತೇ ಹೋಗಿತ್ತು. ಸರ್ ಬರೆದೇ ಬರೆದರು. ಅಂಕೆಯ ಜಾಗದಲ್ಲಿ ಒಂದು. ಷರಾದಲ್ಲಿ 'ಬೀಗರೂಟ' ಎಂದು ಪೂರ್ತಿ ನಾಲ್ಕಕ್ಷರ, ಚುಕ್ಕೆಯಿಲ್ಲದೆ. ಆಮೇಲೆ ಪಂಕ್ತಿಗೆ ಹೋದೆವು. ಮುನಿಆಂಜಿನಪ್ಪನವರು ಮೊದಲು ಅವರ ಮೊಳಕಾಲನ್ನು ನೋಡಿ, ಆಮೇಲೆ ಅನ್ನ ಮೊಸರು ತರಿಸಿದರು.

ನಮ್ಮ ಗುರುಗಳಿಗೆ ದೀರ್ಘವಾದ ಆಯಸ್ಸು, ನೋಯದ ಮೊಳಕಾಲು, ಇನ್ನೂ ಹಲವು ರಿಜಿಸ್ಟರುಗಳು ದೊರೆಯಲಿ. ಅವರು ನಿವೃತ್ತರಾದರೆಂದು ಕಾಲೇಜು ಆದೇಶ ಹೊರಡಿಸಿದೆ. ಮೂರು ಸಲ ಹೋಗಿ ನೋಡದೆ ಅದನ್ನು ನಾವು ಒಪ್ಪುವಂತಿಲ್ಲ. ಮೊದಲನೆಯ ಭೇಟಿಗೆ ನಾನು ಬರುವ ಜನವರಿ ಸಹಕಾರನಗರಕ್ಕೆ ಹೋಗುತ್ತೇನೆ. ಹೆಲ್ಮೆಟ್ ಅವರ ತಲೆಯ ಅಳತೆಯದನ್ನೇ ತಂದಿಟ್ಟಿದ್ದೇನೆ.