ಸ್ಟಾರ್ಟರ್ ಮೋಟಾರ್ ಮತ್ತು ಹನುಮಂತಪ್ಪನ ಬಲಗಾಲು

2025ರ ಏಪ್ರಿಲ್. ರಾಯಚೂರಿನ ಒಂದು ಸೇವಾ ಸಂಸ್ಥೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನನಗದು ಎರಡನೆಯ ವರ್ಷ. ಲಕ್ವಾ ಹೊಡೆದವರ, ಸೊಂಟ ಮುರಿದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಸೋಮವಾರ, ಗುರುವಾರ ಮಾನ್ವಿ. ಮಂಗಳವಾರ, ಶನಿವಾರ ದೇವದುರ್ಗ. ಓಡಾಟಕ್ಕೆ ನನ್ನದೇ ಹಳೆಯ ಕಾರು. ಆ ತಿಂಗಳ ಡೈರಿ ತಿರುವಿದರೆ ಬಹುತೇಕ ದಿನಗಳ ಕೊನೆಯ ಸಾಲು ಒಂದೇ: 'ಸಾಕಾಯಿತು.'

ಮಾನ್ವಿಯ ಹನುಮಂತಪ್ಪನವರಿಗೆ ಆಗ ನಲವತ್ತೆಂಟು. ಅಕ್ಕಿ ಗಿರಣಿಯಲ್ಲಿ ಹಮಾಲರಾಗಿ ಚೀಲ ಹೊತ್ತು, ಕೈಗಾಡಿ ತಳ್ಳಿ ಬದುಕಿದವರು. ಜನವರಿಯಲ್ಲಿ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಕಾಲಿಗೆ ತುಸು ಶಕ್ತಿ ಮರಳಿತ್ತು, ಗೋಡೆ ಹಿಡಿದು ನಿಲ್ಲುತ್ತಿದ್ದರು. ಆದರೆ ಹೆಜ್ಜೆ ಇಡುತ್ತಿರಲಿಲ್ಲ. ಲಕ್ವಾದ ನಂತರ ಮೊದಲ ಕೆಲವು ತಿಂಗಳುಗಳಲ್ಲೇ ಹೆಚ್ಚು ಚೇತರಿಕೆ ಆಗುವುದು; ಆಮೇಲೆ ಅದು ನಿಧಾನವಾಗುತ್ತದೆ. ಅವರ ಮಂಚದ ಪಕ್ಕ ನಿಂತಾಗಲೆಲ್ಲ ಆ ದಿನಗಳು ಜಾರಿಹೋಗುತ್ತಿರುವುದೇ ನನಗೆ ಕಾಣುತ್ತಿತ್ತು.

ನಾಲ್ಕು ಕಾಲಿನ ವಾಕರ್ ಒಂದನ್ನು ಒಯ್ದು ಕೊಟ್ಟಿದ್ದೆ. ಅದು ಮೂಲೆಯಲ್ಲೇ ಇತ್ತು.

"ಇದನ್ನ ಹಿಡ್ಕೊಂಡು ಓಣ್ಯಾಗ ಹೋದ್ರ ಮಂದಿ ಏನಂತಾರ್ರೀ? ಚೀಲ ಹೊತ್ತಾವ ಈಗ ತಗಡಿನ ಕುದುರಿ ಏರ್ಯಾನ ಅಂತಾರ."

"ಮಂಚದ ಮ್ಯಾಲ ಬಿದ್ರ ಭಾಳ ಮರ್ಯಾದಿ ಬರ್ತದೇನು?" ಎಂದರು ಅವರ ಹೆಂಡತಿ ಹುಲಿಗೆಮ್ಮ.

"ಏ, ಸುಮ್ಕಿರಬೇ."

ಪ್ರತಿ ಭೇಟಿಯೂ ಹೀಗೇ ಮುಗಿಯುತ್ತಿತ್ತು.

ತಿಂಗಳ ಎರಡನೆಯ ವಾರದಲ್ಲಿ ಕಾರು ಕೈಕೊಡತೊಡಗಿತು. ಬೆಳಗಿನ ತಂಪಿನಲ್ಲಿ ಸರಿಯಾಗಿ ಸ್ಟಾರ್ಟ್ ಆಗುತ್ತಿತ್ತು. ದೂರ ಓಡಿ ಎಂಜಿನ್ ಕಾದ ಮೇಲೆ ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದು, ಅಷ್ಟೆ. ಹೆಡ್‌ಲೈಟ್ ಮಂಕಾಗುತ್ತಿರಲಿಲ್ಲ, ಹಾಗಾಗಿ ಬ್ಯಾಟರಿಯ ದೋಷವಲ್ಲ. ಎಂಜಿನ್ನನ್ನು ಮೊದಲ ಸುತ್ತು ತಿರುಗಿಸುವ ಸ್ಟಾರ್ಟರ್ ಮೋಟಾರೇ ಸೋತಿತ್ತು. ಇಂಥ ಕಾರನ್ನು ಎರಡನೆಯ ಗೇರಿಗೆ ಹಾಕಿ, ಕ್ಲಚ್ ಒತ್ತಿಕೊಂಡು, ಹಿಂದಿನಿಂದ ತಳ್ಳಿಸಿ, ವೇಗ ಬಂದಾಗ ಕ್ಲಚ್ ಬಿಡಬೇಕು. ಮಾನ್ವಿಯ ಆ ಓಣಿಯ ಜನ ಬೇಸರಿಸದೆ ತಳ್ಳುತ್ತಿದ್ದರು. ಹನುಮಂತಪ್ಪ ಬಾಗಿಲ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದರು: "ಲೇ, ತೋಳಿಲೆ ಅಲ್ಲಲೇ, ಸೊಂಟ ಕೊಟ್ಟು ತಳ್ರಿ! ಅನ್ನ ತಿಂತೀರೋ ಇಲ್ಲೋ?"

ಮೂರನೆಯ ಸಲ, ಒಂದು ಗುರುವಾರ, ಹಿಂದೆ ಗದ್ದಲವಾಯಿತೆಂದು ಕನ್ನಡಿ ನೋಡಿದೆ. ಅಲ್ಲಿ ಇರಬಾರದ ಮುಖವೊಂದಿತ್ತು. ಹನುಮಂತಪ್ಪ ಎದ್ದು, ಗೋಡೆ ಹಿಡಿದು ಬಂದು, ಡಿಕ್ಕಿಯ ಮೇಲೆ ಎಡಗೈ ಊರಿ, ಎದೆ ಕೊಟ್ಟು ಭಾರ ಹಾಕಿದ್ದರು. ಬಲಗಾಲು ನೆಲ ಉಜ್ಜುತ್ತಾ ಮುಂದೆ ಬರುತ್ತಿತ್ತು. ಬಿದ್ದಾರೆಂಬ ಭಯಕ್ಕೆ ಬ್ರೇಕ್ ಒತ್ತಿಬಿಟ್ಟೆ.

"ಬ್ರೇಕ್ ಯಾಕ ಹಾಕಿದ್ರಿ? ಈಗ ಹೊಂಟಿತ್ತಲ್ರೀ!" ಎಂದು ನನ್ನನ್ನೇ ಬೈದರು.

ಸಂತೋಷಪಡಬೇಕಿತ್ತು. ಆದರೆ ಆ ದಿನ ನನ್ನಲ್ಲಿ ಅಂಜಿಕೆ ಮತ್ತು ಆಯಾಸ ಬಿಟ್ಟು ಬೇರೇನೂ ಇರಲಿಲ್ಲ. ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದು ಗದರಿಸಿ ಹೊರಟೆ. ಶನಿವಾರ ದೇವದುರ್ಗದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾರು ಮತ್ತೆ ನಿಂತಿತು. ತಳ್ಳುವವರು ಸಿಗದೆ, ಎಂಜಿನ್ ತಣಿದು ಸ್ಟಾರ್ಟ್ ಆಗುವ ತನಕ ಬೇವಿನ ಮರದ ಕೆಳಗೆ ಎರಡು ತಾಸು ಕೂತೆ. ಫೋನ್ ಮಾಡಿದರೆ ರಾಯಚೂರಿನ ಮೆಕ್ಯಾನಿಕ್ ಗಾಡಿ ನಾಲ್ಕು ದಿನ ಬಿಡಬೇಕೆಂದರು. ಅಷ್ಟು ದಿನದ ಭೇಟಿಗಳನ್ನು ಬಿಡಲು ಮನಸ್ಸಾಗಲಿಲ್ಲ. ಸಂಜೆ ಊರಿಗೆ ಬಂದವಳೇ ಬಿಡಿಭಾಗದ ಅಂಗಡಿಯಲ್ಲಿ ನನ್ನ ಕಾರಿನ ಮಾದರಿ ಹೇಳಿ ಹೊಸ ಮೋಟಾರ್ ತಂದೆ.

ಭಾನುವಾರ ಬೆಳಿಗ್ಗೆ ಮನೆಯ ಅಂಗಳದಲ್ಲಿ ಕೆಲಸ ಶುರು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಸ್ಟಾರ್ಟರ್‌ಗೆ ಬರುವ ದಪ್ಪ ತಂತಿಯಲ್ಲಿ ಸದಾ ವಿದ್ಯುತ್ ಇರುವುದರಿಂದ ಇದನ್ನು ಮರೆತರೆ ಕಿಡಿ ಹಾರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆಗೆದ ಮೇಲೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಮೋಟಾರ್ ಕಾಣಿಸಿತು. ದಪ್ಪ ತಂತಿ, ಸಣ್ಣ ತಂತಿ ಬಿಡಿಸಿದೆ. ಮೇಲಿನ ಬೋಲ್ಟ್ ಬಂತು. ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರ್ ಜಾರಿ ಬೆರಳಗೆಣ್ಣಿನ ಚರ್ಮ ಕಿತ್ತುಬಂತು.

"ಮಂದಿ ಕೈಕಾಲು ನೆಟ್ಟಗ ಮಾಡ್ಲಿ ಅಂತ ಓದ್ಸಿದ್ರ, ಗಾಡಿ ಕರುಳು ಕೀಳಾಕತ್ತಿಯಲ್ಲಬೇ," ಎಂದರು ಅಮ್ಮ, ಅರಿಸಿನ ಹಚ್ಚುತ್ತಾ.

"ಯವ್ವಾ, ಹಿತ್ತಲದಾಗ ಪೈಪಿನ ತುಂಡು ಅದ ನೋಡು, ತಗೊಂಡ್ ಬಾ."

"ಅದರ್ಲೆ ಗಾಡಿಗೆ ಹೊಡೀತಿ ಏನು?"

ಬೋಲ್ಟಿಗೆ ಎಣ್ಣೆ ಬಿಟ್ಟು, ಊಟ ಮುಗಿಸಿ ಬಂದು, ಸ್ಪ್ಯಾನರಿನ ಹಿಡಿಗೆ ಆ ಪೈಪ್ ತೊಡಿಸಿ ಉದ್ದ ಮಾಡಿ, ಮೈಭಾರ ಹಾಕಿದೆ. ಕಿರ್ರೆಂದು ಸಡಿಲವಾಯಿತು. ಹಳೆಯ, ಹೊಸ ಮೋಟಾರ್‌ಗಳನ್ನು ಪಕ್ಕಪಕ್ಕ ಇಟ್ಟು ಹಲ್ಲು ಮತ್ತು ಬೋಲ್ಟಿನ ರಂಧ್ರ ಹೊಂದುತ್ತವೆಯೇ ನೋಡಿಕೊಂಡು, ಬಿಚ್ಚಿದ ಕ್ರಮಕ್ಕೆ ತಿರುಗುಮುರುಗಾಗಿ ಜೋಡಿಸಿದೆ. ಬ್ಯಾಟರಿ ತಂತಿ ಕೊನೆಗೆ. ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ಇನ್ನು ಯಾರನ್ನೂ ಬೇಡಬೇಕಿಲ್ಲವೆಂದು ಆ ದಿನ ನಿಶ್ಚಿಂತೆಯಿಂದ ಮಲಗಿದೆ.

ಸೋಮವಾರ ಮಾನ್ವಿಗೆ ಹೋದಾಗ ಹನುಮಂತಪ್ಪ ಚಪ್ಪಲಿಯ ಪಟ್ಟಿ ಬಿಗಿದುಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ಜನವರಿಯಿಂದ ಅವರು ಚಪ್ಪಲಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಹೇಳಿದ ವ್ಯಾಯಾಮವನ್ನೆಲ್ಲ ತಕರಾರಿಲ್ಲದೆ ಮಾಡಿದರು. ನಾನು ಕಾರಿಗೆ ಹತ್ತುವಾಗ ಗೋಡೆ ಹಿಡಿದು ಎದ್ದು ನಿಂತರು. ಕೀಲಿ ತಿರುಗಿಸಿದೆ. ಎಂಜಿನ್ ಶುರುವಾಯಿತು.

"ರಿಪೇರಿ ಆತೇನ್ರೀ?"

"ಹೂಂ, ನಾನೇ ಮಾಡಿದೆ."

"ಛಲೋ ಆತು ಬಿಡ್ರಿ," ಎಂದು ನಿಧಾನವಾಗಿ ಮತ್ತೆ ಕೂತು, ಎಡಗೈಯಿಂದ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದರು.

ಬೆರಳ ಗಾಯ ಇನ್ನೂ ಉರಿಯುತ್ತಿತ್ತು. ಮುಂದಿನ ಮನೆಗೆ ತಡವಾಗಿತ್ತು. ಆದರೂ ಎಂಜಿನ್ ಆರಿಸಿ, ಗೇರ್ ನ್ಯೂಟ್ರಲ್‌ಗೆ ತಂದೆ.

"ಹನುಮಂತಪ್ಪ, ಬರ್ರಿ. ತಳ್ರಿ."

"ಚಾಲೂ ಅದಲ್ರೀ ಮತ್ತ?"

"ಗಾಡಿಗೆ ಬ್ಯಾಡ. ನಿಮ್ಮ ಕಾಲಿಗೆ ಬೇಕಾಗ್ಯದ."

ಅವರು ಬಿಚ್ಚಿದ ಪಟ್ಟಿಯನ್ನು ಮತ್ತೆ ಬಿಗಿದುಕೊಂಡರು. ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿ ನಕ್ಕರು: "ಇಬ್ಬರಿಗೂ ಹುಚ್ಚು ಹಿಡಿದದ."

ಪಕ್ಕದ ಮನೆಯ ಇಬ್ಬರು ಗಟ್ಟಿಗರನ್ನು ಅವರ ಎಡಬಲಕ್ಕೆ ನಿಲ್ಲಿಸಿದೆ. ಒಂದು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು, ಕಣ್ಣನ್ನು ಕನ್ನಡಿಯಲ್ಲಿಟ್ಟು ಕೂತೆ. ಕಾರು ಅಲುಗಿತು. ಓಣಿಯ ಬೋರ್‌ವೆಲ್ ತನಕ ಹನ್ನೊಂದು ಹೆಜ್ಜೆ. ಅಲ್ಲಿ ನಿಂತು ಏದುಸಿರು ಬಿಡುತ್ತಾ, "ಲೇ, ನೀವೇನು ಸುಮ್ನ ಕೈ ಇಟ್ಟೀರಿ? ತಳ್ಳಿದಾವ ನಾನು," ಎಂದು ಪಕ್ಕದವರನ್ನು ಬೈದರು.

ಹನುಮಂತಪ್ಪ ಮತ್ತೆ ಗಿರಣಿಗೆ ಹೋಗಲಿಲ್ಲ. ಬಲಗೈ ಈಗಲೂ ಪೂರ್ತಿ ಮುಚ್ಚುವುದಿಲ್ಲ. ಕೋಲೂರಿ ಚಹಾದ ಅಂಗಡಿಯ ತನಕ ನಡೆಯುತ್ತಾರೆ. ಹೊಸ ಮನೆಗೆ ಹೋದಾಗ ಯಾವ ವ್ಯಾಯಾಮಕ್ಕೂ ಮೊದಲು 'ಏನು ಕೆಲಸ ಮಾಡ್ತಿದ್ರಿ?' ಎಂದು ಕೇಳುವುದನ್ನು ನಾನು ಕಲಿತದ್ದು ಅವರಿಂದ. ಆಯಾಸವೇನೂ ಕಡಿಮೆಯಾಗಿಲ್ಲ. ಆ ಮೋಟಾರ್ ಇಂದಿಗೂ ಒಂದೇ ಸಲಕ್ಕೆ ತಿರುಗುತ್ತದೆ. ಆದರೆ ಆ ಓಣಿಯಲ್ಲಿ ಮಾತ್ರ, ಬೋರ್‌ವೆಲ್ ದಾಟುವ ತನಕ, ನಾನು ಕೀಲಿ ಮುಟ್ಟುವುದಿಲ್ಲ.