ಹಳೆ ಹೀಟರಿನ ವಾಲ್ವ್ ಹುಡುಕುವ ವೆಂಡೆಲ್

ಬುಡಾಪೆಸ್ಟಿನ ಕೊಬಾನ್ಯಾದ ಈ ಬೀದಿಯಲ್ಲಿ ಇವತ್ತು ಹಳೆ ಸಾಮಾನು ಹೊರಗಿಡುವ ದಿನ. ವರ್ಷಕ್ಕೊಮ್ಮೆ ಬರುತ್ತದೆ. ಬೆಳಕು ಹರಿಯುವ ಮುಂಚೆಯೇ ಪ್ರತಿ ಬಾಗಿಲ ಮುಂದೆ ಗುಡ್ಡೆ ಬಿದ್ದಿದೆ: ಸ್ಪ್ರಿಂಗ್ ಹೊರಬಂದ ಹಾಸಿಗೆ, ಕಾಲು ಮುರಿದ ಕಪಾಟು, ಒಡೆದ ಸಿಂಕು. ನಗರಸಭೆಯ ಲಾರಿ ಬರುವುದರೊಳಗೆ ಯಾರು ಬೇಕಾದರೂ ಏನನ್ನಾದರೂ ಒಯ್ಯಬಹುದು. ಆದರೆ ಗುಡ್ಡೆಯ ಪಕ್ಕ ಕುರ್ಚಿ ಹಾಕಿ ಯಾರಾದರೂ ಕೂತಿದ್ದರೆ ಗುಡ್ಡೆ ಅವರದ್ದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಯಾರೂ ಮುರಿಯುವುದೂ ಇಲ್ಲ.

ವೆಂಡೆಲ್ ಹೊರ್ಗೊಶ್ ಹಳೆಯ ಮಕ್ಕಳ ಗಾಡಿಯೊಂದನ್ನು ತಳ್ಳುತ್ತ ಬರುತ್ತಾರೆ. ಗಾಡಿಯಲ್ಲಿ ಪಾನಾ, ಸ್ಕ್ರೂಡ್ರೈವರ್, ಒಂದು ಕಂಬಳಿ. ಅರವತ್ತು ದಾಟಿದ, ಮಂಡಿ ನೋವಿನ ಮನುಷ್ಯ. ಬೀದಿಯವರಿಗೆಲ್ಲ ಅವರು ವೆಂಡೆಲ್ ಬಾಚಿ, ದೊಡ್ಡಪ್ಪ ಇದ್ದ ಹಾಗೆ. ಮೂಲೆಯ ಗುಡ್ಡೆಯಲ್ಲಿ ಗೋಡೆಗೆ ಹಾಕುವ ಗ್ಯಾಸ್ ಹೀಟರ್ ಒಂದು ಮಗುಚಿ ಬಿದ್ದಿದೆ. ಅದರ ಪಕ್ಕ, ಯಾರೋ ಬಿಸಾಡಿದ ಸೋಫಾ ಕುರ್ಚಿಯಲ್ಲಿ ಗಿಜೆಲ್ಲಾ ಕೂತಿದ್ದಾಳೆ. ಅವಳದ್ದು ಗುಜರಿ ವ್ಯಾಪಾರ.

"ಕೈಗೆ ಮುತ್ತು, ಗಿಜೆಲ್ಲಾ," ಎನ್ನುತ್ತಾರೆ ವೆಂಡೆಲ್. ಹೆಂಗಸರಿಗೆ ಇಲ್ಲಿನ ಹಳಬರು ಹೇಳುವ ನಮಸ್ಕಾರ ಅದು.

"ಮುತ್ತು ನೀನೇ ಇಟ್ಕೋ ಬಾಚಿ, ಕೈಯೆಲ್ಲ ಹೊಲಸು. ಹೀಟರ್ ತಾನೇ? ಅದನ್ನ ನೋಡಿದ್ ಕೂಡ್ಲೇ ನಿನ್ನ ಮೂತಿ ನೆನಪಾಯ್ತು."

"ತಗಡು ನೀನೇ ತಗೋ. ನಂಗೆ ಆ ಹಿತ್ತಾಳೆ ವಾಲ್ವ್ ಒಂದು ಸಾಕು."

"ಹಿತ್ತಾಳೆಗೇ ಅಲ್ವೇನೋ ಬೆಲೆ ಇರೋದು, ಕಳ್ಳ ಮುದುಕ!"

"ಹೋದ ಚಳಿಗಾಲ ನಿಮ್ಮನೆ ಹೀಟರ್ ಯಾರು ಸರಿ ಮಾಡಿದ್ದು?"

ಗಿಜೆಲ್ಲಾ ಬೀದಿಯ ಆ ತುದಿಗೆ ಮುಖ ತಿರುಗಿಸುತ್ತಾಳೆ. ಅದೇ ಒಪ್ಪಿಗೆ. ವೆಂಡೆಲ್ ಮೊಣಕಾಲೂರಿ ತುಕ್ಕು ಹಿಡಿದ ಸ್ಕ್ರೂಗಳನ್ನು ಬಿಚ್ಚುತ್ತಾರೆ. ಮುಷ್ಟಿಗಾತ್ರದ ವಾಲ್ವ್ ಹೊರಬರುತ್ತದೆ. ಕಂಬಳಿಯಲ್ಲಿ ಸುತ್ತಿ ಗಾಡಿಯಲ್ಲಿ ಮಲಗಿಸುತ್ತಾರೆ.

ಈ ಹೀಟರುಗಳನ್ನು ಮಾಡುತ್ತಿದ್ದ ಕಾರ್ಖಾನೆಯಲ್ಲೇ ಅವರು ಯೌವನ ಕಳೆದದ್ದು. ಅದು ಮುಚ್ಚಿ ಈಗ ಟೈರುಗಳ ಗೋದಾಮಾಗಿದೆ. ಹೀಟರುಗಳು ಮಾತ್ರ ಸಾವಿರಾರು ಗೋಡೆಗಳಲ್ಲಿ ಹಾಗೇ ಇವೆ. ಬಿಡಿಭಾಗ ಯಾರೂ ತಯಾರಿಸುವುದಿಲ್ಲ. ಹೊಸ ಹೀಟರ್ ಹಾಕಿಸಲು ನಕ್ಷೆ ಬೇಕು, ಪರವಾನಗಿ ಬೇಕು, ಅದು ಕೈಗೆ ಬರುವಷ್ಟರಲ್ಲಿ ಚಳಿಗಾಲ ಮುಗಿದಿರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕ ಒಪ್ಪುವುದೇ ಇಲ್ಲ. ಹಾಗಾಗಿ ಸತ್ತ ಹೀಟರಿನ ಅಂಗ ತೆಗೆದು ಬದುಕಿರುವುದಕ್ಕೆ ಹಾಕುವ ಈ ಕೆಲಸ. ಬೆನ್ನು ಹಿಡಿದುಕೊಳ್ಳುತ್ತದೆ, ಹೆಚ್ಚಿನ ದಿನ ಗಾಡಿ ಖಾಲಿ ಬರುತ್ತದೆ. ವೆಂಡೆಲ್ ಬಣ್ಣ ಕಟ್ಟಿ ಹೇಳುವುದಿಲ್ಲ. "ಬೇರೆ ಕೆಲಸ ಗೊತ್ತಿಲ್ಲ. ಗೊತ್ತಿದ್ರೆ ಮಾಡ್ತಿದ್ದೆ."

ಇವತ್ತಿನ ವಾಲ್ವ್ ಎಮೊಕೆಯ ಮನೆಗೆ. ಎಮೊಕೆ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸು. ಗಂಡ ಬಿಟ್ಟು ಹೋಗಿದ್ದಾನೆ, ಈಗ ಮಗಳು ಶಾರಾ ತನಗೆ ಬೇಕು ಎನ್ನುತ್ತಿದ್ದಾನೆ. ಮನೆ ಕೊರೆಯುತ್ತದೆ, ಮಗು ಕೆಮ್ಮುತ್ತದೆ ಎಂಬುದು ಅವನ ದೂರು. ದೂರು ಸುಳ್ಳಲ್ಲ. ಸೋಮವಾರ ಮಕ್ಕಳ ಇಲಾಖೆಯವರು ಮನೆ ನೋಡಲು ಬರುತ್ತಾರೆ. ಕರೆಂಟ್ ಹೀಟರ್ ಹಾಕಿದರೆ ಇಡೀ ಮಹಡಿಯ ಫ್ಯೂಸ್ ಹಾರುತ್ತದೆ.

ವೆಂಡೆಲ್ ಮತ್ತು ಪತ್ರಿಕೆಗೆ ಬರೆಯಲು ಅವರ ಜೊತೆ ಬಂದ ನಾನು ಒಳಗೆ ಹೋದಾಗ ಗೋಡೆಯ ಹೀಟರ್ ಉರಿಯುತ್ತಿದೆ. ವೆಂಡೆಲ್ ಬಗ್ಗಿ ನೋಡಿ ಬೈಯುತ್ತಾರೆ. ವಾಲ್ವ್ ಕೆಟ್ಟು, ಗುಂಡಿ ಬಿಟ್ಟರೆ ಬೆಂಕಿ ಆರುತ್ತದೆಂದು, ಒತ್ತಿದ ಗುಂಡಿ ಮೇಲೇಳದಂತೆ ಎಮೊಕೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಮೇಲೆ ಟೇಪು ಸುತ್ತಿದ್ದಾಳೆ. ಇಲ್ಲಿ ಅರ್ಧ ಊರೇ ಮಾಡುವ ತಪ್ಪು ಇದು.

ಹೀಟರಿನೊಳಗೆ ಸದಾ ಉರಿಯುವ ಪುಟ್ಟ ಜ್ವಾಲೆಯೊಂದಿರುತ್ತದೆ. ಕಾವಲು ಜ್ವಾಲೆ ಎನ್ನುತ್ತಾರೆ. ಅದರ ಬಿಸಿಯ ಬಲದಿಂದ ವಾಲ್ವಿನ ಅಯಸ್ಕಾಂತ ಗ್ಯಾಸಿನ ದಾರಿಯನ್ನು ತೆರೆದು ಹಿಡಿಯುತ್ತದೆ. ಜ್ವಾಲೆ ಆರಿದರೆ ಅಯಸ್ಕಾಂತ ಕೈಬಿಡುತ್ತದೆ, ಒಳಗಿನ ಸ್ಪ್ರಿಂಗ್ ದಾರಿಯನ್ನು 'ಟಕ್' ಎಂದು ಮುಚ್ಚುತ್ತದೆ. ಕ್ಲಿಪ್ಪು ಸಿಕ್ಕಿಸಿದರೆ ಜ್ವಾಲೆ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ.

"ಮಗು ಮಲಗೋ ಕೋಣೆ ಕಣಮ್ಮ ಇದು!"

"ಅದಕ್ಕೇ ಹಾಕಿದ್ದು ಬಾಚಿ. ನಂಗೂ ಗೊತ್ತು. ನಾನು ಎಚ್ಚರವಾಗೇ ಕೂತಿರ್ತೀನಿ."

ವೆಂಡೆಲ್ ಹಳೆ ವಾಲ್ವ್ ಬಿಚ್ಚಿ, ತಂದದ್ದನ್ನು ಒರೆಸಿ ಕೂರಿಸುತ್ತಾರೆ. ಬೆಂಕಿ ಹಿಡಿಯುತ್ತದೆ. ಗುಂಡಿ ಬಿಟ್ಟರೂ ಜ್ವಾಲೆ ನಿಲ್ಲುತ್ತದೆ. ಶಾರಾ ಅಂಗೈ ಚಾಚಿ ಹೀಟರಿನ ಮುಂದೆ ಕೂರುತ್ತಾಳೆ. ಎಮೊಕೆ ಮೊದಲ ಸಲ ನಗುತ್ತಾಳೆ.

ಆದರೆ ವೆಂಡೆಲ್ ಎದ್ದು ಹೋಗುವುದಿಲ್ಲ. ಊದಿ ಜ್ವಾಲೆ ಆರಿಸಿ ಕಿವಿಗೊಟ್ಟು ಕೂರುತ್ತಾರೆ. ಟಕ್. ಮತ್ತೆ ಹೊತ್ತಿಸಿ ಆರಿಸುತ್ತಾರೆ. ಟಕ್. ಮೂರನೆಯ ಸಲ ಸದ್ದು ಬರುವುದಿಲ್ಲ. ಗ್ಯಾಸಿನ ವಾಸನೆ ಬರುತ್ತದೆ. ಅವರು ಪೈಪಿನ ನಲ್ಲಿ ತಿರುಗಿಸಿ ಕಿಟಕಿ ತೆರೆಯುತ್ತಾರೆ. ಮತ್ತೆ ಬಿಚ್ಚಿ, ಒಳಗೆ ಗಟ್ಟಿಯಾದ ಗ್ರೀಸ್ ಕೆರೆದು, ಮತ್ತೆ ಕೂರಿಸುತ್ತಾರೆ. ಈ ಸಲವೂ ಒಮ್ಮೆ ಮುಚ್ಚುತ್ತದೆ, ಇನ್ನೊಮ್ಮೆ ಇಲ್ಲ.

"ಇರ್ಲಿ ಬಿಡಿ ಬಾಚಿ. ಉರಿಯುತ್ತಲ್ಲ. ಸೋಮವಾರದ ತನಕ ಸಾಕು."

"ಸ್ಪ್ರಿಂಗ್ ಸತ್ತಿದೆ. ಇದನ್ನ ಬಿಟ್ಟು ಹೋಗಲ್ಲ."

"ನನ್ನ ಮಗಳನ್ನ ಕರ್ಕೊಂಡು ಹೋಗ್ತಾರೆ. ನಿಮಗೆ ಅರ್ಥ ಆಗ್ತಿದ್ಯಾ?"

"ಆಗ್ತಿದೆ."

"ಹಾಗಿದ್ರೆ ಆ ಕ್ಲಿಪ್ಪಾದ್ರೂ ಕೊಡಿ!"

ವೆಂಡೆಲ್ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಎರಡೂ ವಾಲ್ವುಗಳನ್ನು ಕಂಬಳಿಯಲ್ಲಿ ಸುತ್ತಿ, ಪೈಪಿನ ಬಾಯಿಗೆ ಬಿರಡೆ ಬಿಗಿಯುತ್ತಾರೆ. ಇನ್ನು ಅಲ್ಲಿ ಯಾರೂ ಏನನ್ನೂ ಹೊತ್ತಿಸಲಾರರು. ಎಮೊಕೆ ತನಗೆ ಗೊತ್ತಿರುವ ಎಲ್ಲ ಶಾಪಗಳನ್ನೂ ಅವರಿಗೆ ಹಾಕುತ್ತಾಳೆ. ಆಮೇಲೆ ಫೋನ್ ಎತ್ತಿ ಗಂಡನ ತಾಯಿಗೆ ಕರೆ ಮಾಡುತ್ತಾಳೆ. "ಶಾರಾನ ಕಳಿಸ್ತೀನಿ. ಸ್ವಲ್ಪ ದಿನಕ್ಕೆ ಮಾತ್ರ," ಎನ್ನುತ್ತಾಳೆ. ಸ್ವಲ್ಪ ದಿನ ಎಂಬುದನ್ನು ಆ ಕಡೆಯವರು ಹೇಗೆ ಕೇಳಿಸಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿದೆ.

ಬೀದಿಗೆ ಬಂದರೆ ಲಾರಿ ಬಂದು ಹೋಗಿದೆ, ಗುಡ್ಡೆಗಳಿಲ್ಲ. ಪಕ್ಕದ ಬಡಾವಣೆಯಲ್ಲಿ ನಾಳೆ ಸಾಮಾನು ಹೊರಗಿಡುತ್ತಾರೆ, ಅಲ್ಲಿಗೆ ಕತ್ತಲಲ್ಲೇ ಹೋಗಬೇಕು ಎನ್ನುತ್ತಾರೆ ವೆಂಡೆಲ್. ಒಳ್ಳೆ ಸ್ಪ್ರಿಂಗ್ ಇರುವ ವಾಲ್ವ್ ಒಂದು, ಸೋಮವಾರದೊಳಗೆ. ಅವರಿಗೆ ಬೇಕಾದದ್ದು ಅಷ್ಟೇ. ಸಿಗುತ್ತದೆಂಬ ಭರವಸೆ ಮುಖದಲ್ಲಿಲ್ಲ.

"ಪತ್ರಿಕೇಲಿ ದೊಡ್ಡದಾಗಿ ಏನೂ ಬರೀಬೇಡಿ," ಎನ್ನುತ್ತಾರೆ, ಮಂಡಿ ಉಜ್ಜಿಕೊಳ್ಳುತ್ತ. "ಇವನು ಕೈ ಇಟ್ಟ ಹೀಟರೆಲ್ಲ ಉರಿಯುತ್ತೆ ಅಂತಂತೂ ಬರೀಲೇಬೇಡಿ. ಎಷ್ಟೋ ಉರಿದಿಲ್ಲ. ಆದ್ರೆ ಉರಿದದ್ದೆಲ್ಲ, ಆರಬೇಕಾದಾಗ ಆರಿದೆ."